ಬಯಾಥ್ಲಾನ್ ನೋಡುವುದು ಹೇಗೆ: ಒಂದು ಗುಂಡು ತಪ್ಪಿದರೆ ಎಷ್ಟು ಸೆಕೆಂಡ್ ಹೋಯಿತು?

ಬಯಾಥ್ಲಾನ್ ನೋಡಲು ಶುರು ಮಾಡಿದವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ‘ಮೊದಲು ಗೆರೆ ದಾಟಿದವರು ಪಟ್ಟಿಯಲ್ಲಿ ಹದಿನಾಲ್ಕನೆಯವರು ಹೇಗಾದರು?’ ಎನ್ನುವುದು ಒಂದು. ‘ನಿನ್ನೆ ಗುರಿ ತಪ್ಪಿದಾಗ ಹೆಚ್ಚುವರಿ ಸುತ್ತು ಹಾಕಿದರು, ಇವತ್ತು ತಪ್ಪಿದರೂ ನೇರ ಮುಂದೆ ಹೋದರಲ್ಲ, ಯಾಕೆ?’ ಎನ್ನುವುದು ಇನ್ನೊಂದು. ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ಈ ಆಟದಲ್ಲಿ ತಪ್ಪಿದ ಪ್ರತಿ ಗುಂಡಿಗೂ ಒಂದು ಬೆಲೆ ಇದೆ, ಆ ಬೆಲೆ ಸ್ಪರ್ಧೆಯಿಂದ ಸ್ಪರ್ಧೆಗೆ ಬೇರೆ. ಅದು ತಲೆಯಲ್ಲಿ ಕೂತರೆ ಮುಂದೆ ಇರುವವರು ನಿಜವಾಗಿಯೂ ಮುಂದೆ ಇದ್ದಾರೆಯೇ ಎಂದು ನಿಮಗೇ ಗೊತ್ತಾಗುತ್ತದೆ, ವೀಕ್ಷಕ ವಿವರಣೆಗೆ ಕಾಯಬೇಕಿಲ್ಲ.

ಆಟದ ಮೂಲ ಇಷ್ಟು: ಬೆನ್ನ ಮೇಲೆ ರೈಫಲ್ ಹೊತ್ತು ಹಿಮದ ಹಾದಿಯಲ್ಲಿ ಸ್ಕೀ ಓಟ, ನಡುನಡುವೆ ಶೂಟಿಂಗ್ ರೇಂಜಿಗೆ ಬಂದು 50 ಮೀಟರ್ ದೂರದ ಐದು ಗುರಿಗಳಿಗೆ ಐದು ಗುಂಡು. ಒಮ್ಮೆ ಮಲಗಿ ಹೊಡೆಯಬೇಕು, ಇದಕ್ಕೆ ಪ್ರೋನ್ ಎನ್ನುತ್ತಾರೆ. ಇನ್ನೊಮ್ಮೆ ನಿಂತು, ಅದು ಸ್ಟ್ಯಾಂಡಿಂಗ್. ಉಳಿದದ್ದೆಲ್ಲ ಇದರ ಮೇಲೆ ಕಟ್ಟಿದ ನಿಯಮ.

ನೋಡಲು ಕೂರುವ ಮೊದಲು ಮೂರು ವಸ್ತು ಹತ್ತಿರ ಇರಲಿ. ಅಂದಿನ ಸ್ಟಾರ್ಟ್ ಲಿಸ್ಟ್, ಅಂದರೆ ಯಾರು ಯಾವ ನಂಬರಿನಲ್ಲಿ ಯಾವಾಗ ಹೊರಡುತ್ತಾರೆ ಎಂಬ ಪಟ್ಟಿ. ನೇರ ಫಲಿತಾಂಶ ತೋರಿಸುವ ಎರಡನೇ ಪರದೆ. ಅಂತರರಾಷ್ಟ್ರೀಯ ಬಯಾಥ್ಲಾನ್ ಒಕ್ಕೂಟದ ಜಾಲತಾಣದಲ್ಲಿ ಪ್ರತಿ ಸ್ಪರ್ಧಿಯ ಪ್ರತಿ ಗುಂಡಿನ ಲೆಕ್ಕವೂ ಸಿಗುತ್ತದೆ. ಮತ್ತೆ ಒಂದು ಕಾಗದ, ಪೆನ್ನು. ಮೂರನೆಯದನ್ನು ಕಂಡು ಎಲ್ಲರೂ ನಗುತ್ತಾರೆ, ಎರಡನೇ ವಾರಕ್ಕೆ ಅವರೇ ಹುಡುಕುತ್ತಾರೆ.

ಹಂತ 1: ಇವತ್ತಿನ ಸ್ಪರ್ಧೆ ಯಾವುದು ಎಂದು ಮೊದಲು ನೋಡಿ

ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಒಟ್ಟು 12 ಚಿನ್ನ: ಪುರುಷರಿಗೆ ಐದು, ಮಹಿಳೆಯರಿಗೆ ಐದು, ಇಬ್ಬರೂ ಸೇರಿ ಓಡುವ ಮಿಶ್ರ ರಿಲೇಗಳು ಎರಡು. ಒಬ್ಬ ಸ್ಪರ್ಧಿ ಹೆಚ್ಚೆಂದರೆ ಏಳು ಪದಕ ಗೆಲ್ಲಬಹುದು. 2020ರಲ್ಲಿ ಇಟಲಿಯ ಆಂಥೋಲ್ಜ್‌ನಲ್ಲಿ ನಾರ್ವೆಯ ಮಾರ್ಟೆ ಓಲ್ಸ್‌ಬು ರೋಯಿಸೆಲಾಂಡ್, 2023ರಲ್ಲಿ ಜರ್ಮನಿಯ ಓಬರ್‌ಹೋಫ್‌ನಲ್ಲಿ ಅದೇ ದೇಶದ ಯೊಹಾನ್ನೆಸ್ ಥಿಂಗ್ನೆಸ್ ಬೋ ಏಳಕ್ಕೆ ಏಳನ್ನೂ ಗೆದ್ದರು. ಇಬ್ಬರದೂ ಐದೈದು ಚಿನ್ನ. ಪುರುಷರ ವಿಶ್ವ ಚಾಂಪಿಯನ್‌ಷಿಪ್ 1958ರಲ್ಲಿ ಆಸ್ಟ್ರಿಯದ ಸಾಲ್‌ಫೆಲ್ಡನ್‌ನಲ್ಲಿ ಶುರುವಾಯಿತು. ಮಹಿಳೆಯರದು ಬಂದದ್ದು 1984ರಲ್ಲಿ. ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ 1960ರಲ್ಲಿ ಜಾಗ ಸಿಕ್ಕರೆ ಮಹಿಳೆಯರು 1992ರ ತನಕ ಕಾಯಬೇಕಾಯಿತು. ಗುರಿಯ ಅಳತೆ, ರೈಫಲ್, ದಂಡ ಇಬ್ಬರಿಗೂ ಒಂದೇ. ದೂರ ಮಾತ್ರ ಬೇರೆ.

ಒಂದೊಂದಾಗಿ ನೋಡೋಣ.

ಇಂಡಿವಿಜುವಲ್: ಎಲ್ಲಕ್ಕಿಂತ ಹಳೆಯದು. ಪುರುಷರಿಗೆ 20 ಕಿ.ಮೀ., ಮಹಿಳೆಯರಿಗೆ 15 ಕಿ.ಮೀ. ನಾಲ್ಕು ಸಲ ಶೂಟಿಂಗ್: ಮಲಗಿ, ನಿಂತು, ಮಲಗಿ, ನಿಂತು. ಒಂದು ಗುರಿ ತಪ್ಪಿದರೆ ಸುತ್ತು ಇಲ್ಲ, ಒಟ್ಟು ಸಮಯಕ್ಕೆ ಪೂರ್ತಿ 1 ನಿಮಿಷ ಸೇರುತ್ತದೆ. ಮೇಲೆ ಹೇಳಿದ ಎರಡನೇ ಪ್ರಶ್ನೆಗೆ ಉತ್ತರ ಇದೇ. ಇತ್ತೀಚೆಗೆ ವಿಶ್ವಕಪ್‌ನಲ್ಲಿ, ಅಂದರೆ ಋತುವಿನುದ್ದಕ್ಕೂ ಬೇರೆ ಬೇರೆ ಊರುಗಳಲ್ಲಿ ನಡೆಯುವ ಸ್ಪರ್ಧಾ ಸರಣಿಯಲ್ಲಿ, ಇದರ ಕಿರು ರೂಪವೂ ಬಂದಿದೆ: 15 ಮತ್ತು 12.5 ಕಿ.ಮೀ., ಒಂದು ತಪ್ಪಿಗೆ 45 ಸೆಕೆಂಡ್. ಪಟ್ಟಿಯ ತಲೆಬರಹದಲ್ಲಿ ‘ಶಾರ್ಟ್’ ಎಂಬ ಪದ ಇದೆಯೇ ನೋಡಿಕೊಳ್ಳಿ, ಇಲ್ಲದಿದ್ದರೆ ಇಡೀ ಲೆಕ್ಕ ತಪ್ಪುತ್ತದೆ.

ಸ್ಪ್ರಿಂಟ್: 10 ಕಿ.ಮೀ. ಮತ್ತು 7.5 ಕಿ.ಮೀ. ಎರಡೇ ಸಲ ಶೂಟಿಂಗ್, ಮೊದಲು ಮಲಗಿ, ಆಮೇಲೆ ನಿಂತು. ತಪ್ಪಿದ ಪ್ರತಿ ಗುಂಡಿಗೆ ರೇಂಜಿನ ಪಕ್ಕದಲ್ಲೇ ಇರುವ 150 ಮೀಟರ್‌ನ ಪೆನಾಲ್ಟಿ ಲೂಪ್, ಅಂದರೆ ದಂಡದ ಸುತ್ತು, ಒಂದು ಸಲ ಹಾಕಬೇಕು.

ಪರ್ಸೂಟ್: 12.5 ಮತ್ತು 10 ಕಿ.ಮೀ. ಸ್ಪ್ರಿಂಟ್‌ನಲ್ಲಿ ಮೊದಲ 60 ಸ್ಥಾನ ಪಡೆದವರಿಗೆ ಮಾತ್ರ ಪ್ರವೇಶ. ಸ್ಪ್ರಿಂಟ್ ಗೆದ್ದವರು ಮೊದಲು ಹೊರಡುತ್ತಾರೆ, 38 ಸೆಕೆಂಡ್ ಹಿಂದಿದ್ದವರು 38 ಸೆಕೆಂಡ್ ಬಿಟ್ಟು. ಹಾಗಾಗಿ ಇಲ್ಲಿ ಮೊದಲು ಗೆರೆ ದಾಟಿದವರೇ ಗೆದ್ದವರು. ಶೂಟಿಂಗ್ ಕ್ರಮ: ಮಲಗಿ, ಮಲಗಿ, ನಿಂತು, ನಿಂತು. ಹೊಸಬರು ಶುರು ಮಾಡಬೇಕಾದದ್ದು ಇಲ್ಲಿಂದ.

ಮಾಸ್ ಸ್ಟಾರ್ಟ್: 15 ಮತ್ತು 12.5 ಕಿ.ಮೀ. 30 ಮಂದಿ ಒಟ್ಟಿಗೆ ಹೊರಡುತ್ತಾರೆ. ಶೂಟಿಂಗ್ ಪರ್ಸೂಟ್‌ನಂತೆ.

ರಿಲೇ: ಪುರುಷರಿಗೆ 4×7.5, ಮಹಿಳೆಯರಿಗೆ 4×6 ಕಿ.ಮೀ. ಇದರ ನಿಯಮಕ್ಕೆ ಪ್ರತ್ಯೇಕ ಹಂತವೇ ಬೇಕು, ಕೆಳಗೆ ಬರುತ್ತದೆ.

ಹಂತ 2: ತಪ್ಪಿನ ಬೆಲೆಯನ್ನು ಕಾಗದದ ಮೇಲೆ ಬರೆದಿಡಿ

150 ಮೀಟರ್ ಸುತ್ತಿಗೆ ಪುರುಷರು ಸುಮಾರು 22ರಿಂದ 25 ಸೆಕೆಂಡ್ ತೆಗೆದುಕೊಳ್ಳುತ್ತಾರೆ, ಮಹಿಳೆಯರಿಗೆ ಎರಡು ಮೂರು ಸೆಕೆಂಡ್ ಹೆಚ್ಚು. ಹಿಮ ಮೆತ್ತಗಿದ್ದರೆ ಇನ್ನಷ್ಟು. ಲೆಕ್ಕಕ್ಕೆ ಸುಲಭವಾಗಲೆಂದು 25 ಎಂದು ಹಿಡಿಯಿರಿ. ಇಂಡಿವಿಜುವಲ್‌ನಲ್ಲಿ ಒಂದು ತಪ್ಪು 60 ಸೆಕೆಂಡ್, ಅಂದರೆ ಎರಡೂವರೆ ಸುತ್ತಿಗೆ ಸಮ. ಆದ್ದರಿಂದಲೇ ಸ್ಪ್ರಿಂಟ್‌ನಲ್ಲಿ ವೇಗದವರು ಎರಡು ತಪ್ಪು ಮಾಡಿಯೂ ಪದಕ ಗೆಲ್ಲುವುದುಂಟು, ಇಂಡಿವಿಜುವಲ್‌ನಲ್ಲಿ ನಿಧಾನದ ಆದರೆ ಗುರಿ ತಪ್ಪದ ಸ್ಪರ್ಧಿಗೆ ಬಾಗಿಲು ತೆರೆಯುತ್ತದೆ.

ಲೆಕ್ಕ ಹೀಗೆ ಮಾಡಿ. ಇಂಡಿವಿಜುವಲ್‌ನಲ್ಲಿ ಮೊದಲ ಸ್ಪರ್ಧಿ ಸ್ಕೀ ಓಟದಲ್ಲಿ 58 ಸೆಕೆಂಡ್ ವೇಗ, ಆದರೆ ಎರಡು ಗುಂಡು ತಪ್ಪಿವೆ. ದಂಡ 120 ಸೆಕೆಂಡ್. ಎರಡನೇ ಸ್ಪರ್ಧಿ ಇಪ್ಪತ್ತಕ್ಕೆ ಇಪ್ಪತ್ತು ಹೊಡೆದಿದ್ದರೆ 62 ಸೆಕೆಂಡ್ ಮುಂದೆ. ಇದೇ ಜೋಡಿ, ಇದೇ ತಪ್ಪು, ಇದೇ ವೇಗದ ಅಂತರ ದಂಡದ ಸುತ್ತಿನ ಸ್ಪರ್ಧೆಯಲ್ಲಿ ಇದ್ದಿದ್ದರೆ? ಎರಡು ಸುತ್ತಿಗೆ 50 ಸೆಕೆಂಡ್. ವೇಗದವರೇ 8 ಸೆಕೆಂಡ್ ಮುಂದೆ.

ಹಂತ 3: ಬಿಬ್ ನಂಬರು ಮತ್ತು ಬಣ್ಣ

ಬಿಬ್ ಎಂದರೆ ಅಂಗಿಯ ಮೇಲಿನ ನಂಬರು ಪಟ್ಟಿ. ಸ್ಪ್ರಿಂಟ್ ಮತ್ತು ಇಂಡಿವಿಜುವಲ್‌ನಲ್ಲಿ ಒಬ್ಬೊಬ್ಬರೂ 30 ಸೆಕೆಂಡ್ ಅಂತರದಲ್ಲಿ ಹೊರಡುತ್ತಾರೆ. 12ನೇ ನಂಬರಿಗೂ 47ಕ್ಕೂ ನಡುವೆ 35 ಅಂತರ, ಅಂದರೆ 17 ನಿಮಿಷ 30 ಸೆಕೆಂಡ್. 12ನೆಯವರು ಗುರಿ ಮುಟ್ಟಿ ಕುರ್ಚಿಯಲ್ಲಿ ಕೂತು ನೀರು ಕುಡಿಯುವಾಗ 47ನೆಯವರು ಇನ್ನೂ ಹಾದಿಯಲ್ಲಿ ಇರುತ್ತಾರೆ, ಮತ್ತು ಅವರೇ ಗೆಲ್ಲಬಹುದು. ಮೊದಲ ಹದಿನೈದು ಮಂದಿ ಮುಗಿಸಿದ ಕೂಡಲೇ ಟಿ.ವಿ. ಆರಿಸುವುದು ಹೊಸಬರು ಮಾಡುವ ಮೊದಲ ತಪ್ಪು. ಇಲ್ಲಿ ಕಣ್ಣಿಗೆ ಕಾಣುವ ‘ಮುಂದೆ-ಹಿಂದೆ’ಗೆ ಅರ್ಥವೇ ಇಲ್ಲ. ಒಬ್ಬರು ಇನ್ನೊಬ್ಬರನ್ನು ಹಿಂದಿಕ್ಕಿ ಹೋದರೆ ಅವರು ಕನಿಷ್ಠ ಅರ್ಧ ನಿಮಿಷ ಗಳಿಸಿದ್ದಾರೆ ಎಂದಷ್ಟೇ ತಿಳಿಯಿರಿ.

ವಿಶ್ವಕಪ್ ಋತುವಿನಲ್ಲಿ ಹಳದಿ ಬಿಬ್ ಒಟ್ಟಾರೆ ಅಂಕಪಟ್ಟಿಯಲ್ಲಿ ಮೊದಲಿರುವವರದು, ಕೆಂಪು ಬಿಬ್ ಅಂದಿನ ಬಗೆಯ ಸ್ಪರ್ಧೆಯ (ಸ್ಪ್ರಿಂಟ್, ಪರ್ಸೂಟ್ ಹೀಗೆ) ಅಂಕಪಟ್ಟಿಯಲ್ಲಿ ಮೊದಲಿರುವವರದು. ಎರಡರಲ್ಲೂ ಒಬ್ಬರೇ ಮೊದಲಿದ್ದರೆ ಅರ್ಧ ಹಳದಿ, ಅರ್ಧ ಕೆಂಪು. ರಿಲೇಯಲ್ಲಿ ಇದನ್ನೆಲ್ಲ ಮರೆತುಬಿಡಿ. ಅಲ್ಲಿ ಬಣ್ಣ ಹೇಳುವುದು ಎಷ್ಟನೇ ಓಟಗಾರರು ಎಂಬುದನ್ನು: ಮೊದಲನೆಯವರು ಕೆಂಪು, ಎರಡನೆಯವರು ಹಸಿರು, ಮೂರನೆಯವರು ಹಳದಿ, ನಾಲ್ಕನೆಯವರು ನೀಲಿ. ರಿಲೇಯಲ್ಲಿ ಹಳದಿ ಕಂಡು ‘ನಾಯಕ ಬಂದ’ ಎಂದು ಕೂಗಿದರೆ ಪಕ್ಕದವರು ಪಾಪ ಎನ್ನುತ್ತಾರೆ.

ಹಂತ 4: ರೇಂಜಿನಲ್ಲಿ ಏನು ನೋಡಬೇಕು

ಬಯಾಥ್ಲಾನ್ ಗೆಲ್ಲುವುದು, ಸೋಲುವುದು ಹೆಚ್ಚಾಗಿ ಇಲ್ಲೇ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಐದು ಗುರಿಗಳೂ ಕಣ್ಣಿಗೆ 115 ಮಿಲಿಮೀಟರ್ ಅಗಲದ ಕಪ್ಪು ಬಿಲ್ಲೆಗಳಾಗಿಯೇ ಕಾಣುತ್ತವೆ, ಸಿ.ಡಿ.ಗಿಂತ ಕೂದಲೆಳೆ ಚಿಕ್ಕದು. ನಿಂತು ಹೊಡೆಯುವಾಗ ಆ ಇಡೀ ವೃತ್ತ ಲೆಕ್ಕಕ್ಕೆ ಬರುತ್ತದೆ. ಮಲಗಿ ಹೊಡೆಯುವಾಗ ಮಾತ್ರ ನಡುವಿನ 45 ಮಿಲಿಮೀಟರ್‌ಗೆ ಬಿದ್ದರಷ್ಟೇ ಹಿಟ್. ಗಾಲ್ಫ್ ಚೆಂಡಿಗಿಂತ ಎರಡು ಮಿಲಿಮೀಟರ್ ದೊಡ್ಡದು, ಐವತ್ತು ಮೀಟರ್ ದೂರದಲ್ಲಿ, ಯಾವ ಭೂತಗನ್ನಡಿಯೂ ಇಲ್ಲದೆ. ರೈಫಲ್ ಮೇಲೆ ಇರುವುದು ಹಿಂದೆ ಒಂದು ಸಣ್ಣ ತೂತು, ಮುಂದೆ ಒಂದು ಉಂಗುರ, ಇದಕ್ಕೆ ಸೈಟ್ ಎನ್ನುತ್ತಾರೆ. ಉಂಗುರದೊಳಗೆ ಕಪ್ಪು ಬಿಲ್ಲೆ ಸುತ್ತಲೂ ಸಮನಾಗಿ ಕೂತಾಗ ಟ್ರಿಗರ್. ಗುರಿಗೆ ಬಿದ್ದರೆ ಕಪ್ಪಿನ ಮೇಲೆ ಬಿಳಿ ತಟ್ಟೆ ಬಂದು ಮುಚ್ಚುತ್ತದೆ. ಕಪ್ಪಾಗಿಯೇ ಉಳಿದರೆ ತಪ್ಪಿದೆ.

ರೈಫಲ್ .22 ಕ್ಯಾಲಿಬರ್, ಅಂದರೆ 5.6 ಮಿ.ಮೀ. ಗುಂಡು. 1970ರ ದಶಕದ ಕೊನೆಯವರೆಗೆ ದೊಡ್ಡ ಸೇನಾ ಕ್ಯಾಲಿಬರ್ ಇತ್ತು, ದೂರವೂ ಹೆಚ್ಚಿತ್ತು. ಈಗಿನದಕ್ಕೆ ಬದಲಾದ ಮೇಲೆಯೇ ರೇಂಜು ಪ್ರೇಕ್ಷಕರ ಕಣ್ಣೆದುರಿಗೆ ಬಂತು. ಗುಂಡು, ಮ್ಯಾಗಜಿನ್ (ಗುಂಡು ತುಂಬಿಡುವ ಡಬ್ಬಿ) ಬಿಟ್ಟು ತೂಕ ಕನಿಷ್ಠ 3.5 ಕಿಲೋ. ತಾನಾಗಿಯೇ ಗುಂಡು ತುಂಬಿಕೊಳ್ಳುವ ರೈಫಲ್ ನಿಷಿದ್ಧ. ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತಳ್ಳಬೇಕು. ಈಗ ಬಹುತೇಕರ ಬಳಿ ಇರುವುದು ತೋರುಬೆರಳಿನಿಂದ ಹಿಂದಕ್ಕೆ, ಹೆಬ್ಬೆರಳಿನಿಂದ ಮುಂದಕ್ಕೆ ನೇರವಾಗಿ ಸರಿಯುವ ಬೋಲ್ಟ್, ಕೆನ್ನೆಯನ್ನು ರೈಫಲ್‌ನ ಹಿಂಬದಿಯಿಂದ ಎತ್ತಬೇಕಿಲ್ಲ. ಟ್ರಿಗರ್ ಒತ್ತಡ ಕನಿಷ್ಠ 500 ಗ್ರಾಂ ಇರಲೇಬೇಕು, ಅದನ್ನು ಅಧಿಕಾರಿಗಳು ಪರೀಕ್ಷಿಸುತ್ತಾರೆ.

ಈಗ ಒಬ್ಬರ ಮೇಲೆ ಕಣ್ಣಿಟ್ಟು ಕ್ರಮವಾಗಿ ನೋಡಿ. ರೇಂಜಿಗೆ ಬರುವ ಮುಂಚಿನ ಕೊನೆಯ ಇಳಿಜಾರಿನಲ್ಲೇ ಅವರು ವೇಗ ತಗ್ಗಿಸಿ ಉಸಿರು ಹಿಡಿತಕ್ಕೆ ತರುತ್ತಾರೆ. ಗಾಳಿ ಬಾವುಟಗಳತ್ತ ಒಂದು ನೋಟ. ಚಾಪೆಯ ಮೇಲೆ ನಿಂತು ಕೋಲು ಕೆಳಗೆ, ರೈಫಲ್ ಬೆನ್ನಿಂದ ಮುಂದಕ್ಕೆ, ಸೈಟಿನ ಮೇಲಿನ ಹಿಮದ ಮುಚ್ಚಳ ತೆಗೆದು, ಮ್ಯಾಗಜಿನ್ ಸಿಕ್ಕಿಸಿ, ಮಲಗುವುದಾದರೆ ತೋಳಿನ ಪಟ್ಟಿಗೆ ಬೆಲ್ಟ್ ಕೊಂಡಿ ಹಾಕಿ, ಒಂದೆರಡು ಉಸಿರು. ಇಷ್ಟಾಗಿ ಮೊದಲ ಗುಂಡು ಹಾರುವಷ್ಟರಲ್ಲಿ ಹನ್ನೆರಡು ಹದಿನೈದು ಸೆಕೆಂಡ್. ಆಮೇಲೆ ಎರಡು ಮೂರು ಸೆಕೆಂಡಿಗೊಂದು ಗುಂಡು. ಚೆನ್ನಾಗಿ ಹೊಡೆಯುವವರದ್ದು ಕೇಳಿದರೆ ಗೊತ್ತಾಗುತ್ತದೆ: ಟಪ್, ಉಸಿರು, ಟಪ್, ಉಸಿರು, ಮಗ್ಗದ ಸದ್ದಿನಂತೆ ಒಂದೇ ಲಯ. ಲಯ ಒಡೆದು ನಾಲ್ಕನೆಯದರ ಮುಂದೆ ಐದು ಸೆಕೆಂಡ್ ತಡವಾಯಿತೆಂದರೆ ತಲೆಯೊಳಗೆ ಏನೋ ಶುರುವಾಗಿದೆ.

ಮಲಗಿದಾಗ ಎರಡು ಮೊಣಕೈ, ಬೆಲ್ಟು, ನೆಲ, ಇಷ್ಟರ ಆಧಾರ ಇದೆ. ನಿಂತಾಗ ಬೆಲ್ಟಿನ ನೆರವಿಲ್ಲ. ಸೊಂಟ ಮುಂದೆ ಚಾಚಿ ಎಡ ಮೊಣಕೈಯನ್ನು ಅದರ ಮೇಲೆ ಊರಿ ನಿಲ್ಲುತ್ತಾರೆ, ಕೆಳಗೆ ಜಾರುವ ಸ್ಕೀ, ಈಗಷ್ಟೇ ಏರು ಹತ್ತಿ ಬಂದ ಕಾಲು. ನಳಿಕೆಯ ತುದಿ ಅಲ್ಲಾಡುವುದು ಕ್ಯಾಮೆರಾಗೂ ಕಾಣುತ್ತದೆ. ಗುರಿ ದೊಡ್ಡದಾದರೂ ಕೊನೆಯ ಸ್ಟ್ಯಾಂಡಿಂಗ್‌ನಲ್ಲಿ ಪದಕಗಳು ಕೈಬದಲಾಗುವುದು ಇದಕ್ಕೇ.

ಇಲ್ಲಿ ಹೊಸಬರು ಎಡವುವ ಜಾಗ ಮೂರು. ಐದನೇ ಗುಂಡಿನ ಹೊತ್ತಿಗೆ ಪರದೆಯಲ್ಲಿ ಕಾಣುವ ಅಂತರವನ್ನು ನಂಬಬೇಡಿ. ದಂಡದ ಸುತ್ತು ಇನ್ನೂ ಬಾಕಿ ಇದೆ. ಸುತ್ತು ಮುಗಿಸಿ ಹಾದಿಗೆ ಮರಳಿದ ಮೇಲಿನ ಅಂತರವೇ ನಿಜ. ಎರಡನೆಯದು, ವೇಗವಾಗಿ ಹೊಡೆದವರೇ ಚೆನ್ನಾಗಿ ಹೊಡೆದರು ಎಂದುಕೊಳ್ಳುವುದು. ಐದು ಸೆಕೆಂಡ್ ಉಳಿಸಲು ಹೋಗಿ ಇಪ್ಪತ್ತೈದು ಕಳೆದುಕೊಂಡರೆ ಏನು ಲಾಭ? ಮೂರನೆಯದು ಲೇನ್. ಅಪರೂಪಕ್ಕೊಮ್ಮೆ ಸ್ಪರ್ಧಿ ತನ್ನದನ್ನು ಬಿಟ್ಟು ಪಕ್ಕದವರ ಗುರಿಗೆ ಹೊಡೆಯುತ್ತಾರೆ, ಇದಕ್ಕೆ ಕ್ರಾಸ್‌ಫೈರ್ ಎನ್ನುತ್ತಾರೆ. ಗುಂಡು ಬಿಲ್ಲೆಗೆ ಸರಿಯಾಗಿ ಬಿದ್ದರೂ ಅವರ ಲೆಕ್ಕದಲ್ಲಿ ತಪ್ಪೇ.

ಲೇನ್ ಹಂಚಿಕೆ: ರೇಂಜಿನಲ್ಲಿ 30 ಲೇನ್, ಒಂದನೆಯದು ಬಲತುದಿಯಲ್ಲಿ. ಮಾಸ್ ಸ್ಟಾರ್ಟ್ ಮತ್ತು ರಿಲೇಯ ಮೊದಲ ಶೂಟಿಂಗ್‌ಗೆ ಬಿಬ್ ನಂಬರೇ ಲೇನ್ ನಂಬರು, ಆಮೇಲೆ ಬಂದ ಕ್ರಮದಲ್ಲಿ. ಪರ್ಸೂಟ್‌ನಲ್ಲಿ ಮೊದಲಿನಿಂದಲೂ ಬಂದ ಕ್ರಮವೇ, ಆದ್ದರಿಂದ ಬಲತುದಿಯಲ್ಲಿ ಮಲಗಿದವರು ಮುಂದಿರುವವರು ಎಂದು ನೋಡಿದ ಕೂಡಲೇ ಹೇಳಬಹುದು.

ಹಂತ 5: ಗಾಳಿ ಓದುವುದು

ಸ್ಪರ್ಧೆಗೆ ಸುಮಾರು ಒಂದು ಗಂಟೆ ಮೊದಲು ಜೀರೋಯಿಂಗ್ ನಡೆಯುತ್ತದೆ. ಕಾಗದದ ಗುರಿಗೆ ಹೊಡೆದು, ಅಂದಿನ ಗಾಳಿ, ಬೆಳಕು, ಚಳಿಗೆ ತಕ್ಕಂತೆ ಸೈಟ್ ಹೊಂದಿಸಿಕೊಳ್ಳುವ ಕೆಲಸ ಇದು. ಬೇಲಿಯ ಹಿಂದೆ ಕೋಚ್ ದೂರದರ್ಶಕ ಹಿಡಿದು ಗುಂಡು ಎಲ್ಲಿ ಬಿತ್ತು ಎಂದು ಹೇಳುತ್ತಿರುತ್ತಾರೆ. ಸೈಟಿನ ತಿರುಪು ಒಂದೊಂದು ಹಲ್ಲು ತಿರುಗಿದಾಗ ಕ್ಲಿಕ್ ಎನ್ನುತ್ತದೆ, ಅದಕ್ಕೇ ‘ಎರಡು ಕ್ಲಿಕ್ ಎಡಕ್ಕೆ’ ಎಂಬ ಮಾತು ಕೇಳಿಸುವುದು. ಪ್ರಸಾರ ಇದನ್ನು ತೋರಿಸಿದರೆ ಬಿಡಬೇಡಿ. ಆಗ ಬಾವುಟ ಸುಮ್ಮನಿದ್ದು ಸ್ಪರ್ಧೆಯಲ್ಲಿ ಪಟಪಟ ಎನ್ನತೊಡಗಿದರೆ ಮೊದಲ ಮಲಗಿ-ಹೊಡೆತದಲ್ಲೇ ಹಲವರು ಎಡವುತ್ತಾರೆ.

ಗುಂಡಿಗೆ 50 ಮೀಟರ್ ದಾಟಲು 0.15 ಸೆಕೆಂಡ್ ಆಸುಪಾಸು ಸಾಕು, ಆದರೂ ಹಗುರ ಗುಂಡನ್ನು ಅಡ್ಡಗಾಳಿ ಪಕ್ಕಕ್ಕೆ ತಳ್ಳುತ್ತದೆ. ಎಡದಿಂದ ಬೀಸಿದರೆ ಬಲಕ್ಕೆ. 45 ಮಿಲಿಮೀಟರ್ ಗುರಿಯಲ್ಲಿ ನಡುವಿನಿಂದ ಅಂಚಿಗೆ ಇರುವುದು ಎರಡು ಸೆಂಟಿಮೀಟರ್ ಚಿಲ್ಲರೆ ಮಾತ್ರ. ಸ್ಪರ್ಧಿಯ ಮುಂದೆ ಎರಡು ದಾರಿ: ಕ್ಲಿಕ್ ತಿರುಗಿಸುವುದು ಅಥವಾ ಗಾಳಿ ಹಳೆಯ ಸ್ಥಿತಿಗೆ ಬರುವ ತನಕ ಕಾಯುವುದು. ಮೊದಲನೆಯದನ್ನು ಮಾಡಿ ಮುಂದಿನ ಸಲ ತಿರುಗಿಸಿದ್ದನ್ನು ವಾಪಸ್ ತರಲು ಮರೆಯುವವರೂ ಇದ್ದಾರೆ.

ತಪ್ಪಿದ್ದು ಗಾಳಿಯಿಂದಲೋ ಕೈಯಿಂದಲೋ ಎಂದು ತಿಳಿಯಲು ಒಂದು ಉಪಾಯ. ಪರದೆಯಲ್ಲಿ ಗುಂಡು ಬಿದ್ದ ಚುಕ್ಕೆಗಳನ್ನು ತೋರಿಸಿದರೆ ಗಮನಿಸಿ. ಎಲ್ಲ ಒಂದೇ ಕಡೆ, ಗುಂಪಾಗಿ ಬಿದ್ದಿದ್ದರೆ ಸೈಟ್ ಇಲ್ಲವೇ ಗಾಳಿ. ಅಲ್ಲೊಂದು ಇಲ್ಲೊಂದು ಚೆದುರಿದ್ದರೆ ದೇಹ ದಣಿದಿದೆ. ನನ್ನ ಪ್ರಕಾರ ಆ ಚುಕ್ಕೆಗಳು ಇಡೀ ಪ್ರಸಾರದಲ್ಲೇ ಅತ್ಯಂತ ಉಪಯುಕ್ತ ಚಿತ್ರ, ಎರಡು ಸೆಕೆಂಡ್ ತೋರಿಸಿ ತೆಗೆದುಬಿಡುತ್ತಾರೆ ಎನ್ನುವುದೇ ಬೇಸರ.

ಜಾಗವೂ ಲೆಕ್ಕಕ್ಕೆ ಬರುತ್ತದೆ. ಓಬರ್‌ಹೋಫ್ ಮಂಜು ಮತ್ತು ಗಾಳಿಗೆ ಹೆಸರುವಾಸಿ. ಆಂಥೋಲ್ಜ್ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ, ಗಾಳಿ ತೆಳು. ಏರಿನಲ್ಲಿ ಮೈಮರೆತು ಓಡಿ ರೇಂಜಿಗೆ ಬಂದರೆ ಉಸಿರು ಬೇಗ ಹಿಡಿತಕ್ಕೆ ಸಿಗುವುದಿಲ್ಲ. ತಾಪಮಾನ ಮೈನಸ್ 20 ಡಿಗ್ರಿಗಿಂತ ಕೆಳಗಿಳಿದರೆ ಸ್ಪರ್ಧೆ ಶುರು ಮಾಡುವಂತಿಲ್ಲ.

ಹಂತ 6: ಹಾದಿ ಮತ್ತು ಸ್ಕೀ

ಇದನ್ನು ಬೇಗ ಮುಗಿಸೋಣ. ಎಲ್ಲರೂ ಓಡುವುದು ಫ್ರೀ ಟೆಕ್ನಿಕ್‌ನಲ್ಲಿ, ಅಂದರೆ ಸ್ಕೇಟಿಂಗ್‌ನಂತೆ ಕಾಲು ಹೊರಕ್ಕೆ ತಳ್ಳಿ. ಫ್ಲೋರಿನ್ ಇರುವ ಮೇಣ 2023-24ರ ಋತುವಿನಿಂದ ನಿಷೇಧ. ಆದರೂ ಸ್ಕೀ ತಳಕ್ಕೆ ಯಾವ ಮೇಣ, ಯಾವ ಗೀರು ಎಂಬುದರಲ್ಲೇ ತಂಡಗಳ ತಂತ್ರಜ್ಞರ ಗುಟ್ಟು ಇದೆ. ಒಂದು ದೇಶದ ನಾಲ್ವರೂ ಇಳಿಜಾರಿನಲ್ಲಿ ಒಂದೇ ಥರ ಹಿಂದೆ ಬಿದ್ದರೆ ಅದು ಕಾಲಿನ ತಪ್ಪಲ್ಲ, ಸ್ಕೀಯದು.

ಬಿಸಿಲೇರಿ ಹಿಮ ಮೆತ್ತಗಾಗುವ ದಿನ ಸ್ಪ್ರಿಂಟ್‌ನಲ್ಲಿ ಮೊದಲು ಹೊರಟವರಿಗೆ ಲಾಭ. ಸಂಜೆ ಚಳಿ ಏರಿ ಹಾದಿ ಗಟ್ಟಿಯಾಗುತ್ತಿದ್ದರೆ ಕೊನೆಗೆ ಹೊರಟವರಿಗೆ. 40ರ ಆಚೆಯ ನಂಬರುಗಳು ಮೊದಲ ಸುತ್ತಿನಲ್ಲೇ ನಾಯಕರ ಸಮಯಕ್ಕೆ ಹತ್ತಿರ ಬರುತ್ತಿವೆಯೇ ಎಂದು ನೋಡಿ, ಹಾದಿ ಯಾವ ಕಡೆ ತಿರುಗುತ್ತಿದೆ ಎಂದು ಗೊತ್ತಾಗುತ್ತದೆ.

ಪರ್ಸೂಟ್, ಮಾಸ್ ಸ್ಟಾರ್ಟ್‌ಗಳಲ್ಲಿ ಗುಂಪಿನ ಮುಂದೆ ಓಡುವವರು ಗಾಳಿ ಸೀಳಬೇಕು, ಹಿಂದಿನವರು ಆ ನೆರಳಿನಲ್ಲಿ ಶಕ್ತಿ ಉಳಿಸುತ್ತಾರೆ. ಕೊನೆಯ ರೇಂಜಿನಿಂದ ಇಬ್ಬರು ಒಟ್ಟಿಗೆ ಹೊರಬಿದ್ದರೆ ಮುಂದಿರುವವರಿಗಿಂತ ಹಿಂದಿರುವವರ ಮೇಲೆ ಕಣ್ಣಿಡಿ. 2018ರ ಪಿಯಾಂಗ್‌ಚಾಂಗ್ ಒಲಿಂಪಿಕ್ಸ್‌ನ ಪುರುಷರ ಮಾಸ್ ಸ್ಟಾರ್ಟ್‌ನಲ್ಲಿ ಫ್ರಾನ್ಸಿನ ಮಾರ್ಟಿನ್ ಫೋರ್ಕಾಡ್ ಮತ್ತು ಜರ್ಮನಿಯ ಸೈಮನ್ ಶೆಂಪ್ ನಡುವೆ ಚಿನ್ನ ಯಾರದೆಂದು ಫೋಟೋ ಫಿನಿಶ್ ನೋಡಿಯೇ ತೀರ್ಮಾನಿಸಬೇಕಾಯಿತು. ಅದು ಫೋರ್ಕಾಡ್‌ಗೆ ಹೋಯಿತು.

ಹಂತ 7: ರಿಲೇಯ ಬಿಡಿಗುಂಡು

ರಿಲೇಯಲ್ಲಿ ಪ್ರತಿ ಓಟಗಾರರು ಎರಡು ಸಲ ಹೊಡೆಯುತ್ತಾರೆ, ಮಲಗಿ ಒಮ್ಮೆ, ನಿಂತು ಒಮ್ಮೆ. ಪ್ರತಿ ಸಲವೂ ಮ್ಯಾಗಜಿನ್‌ನ ಐದು ಗುಂಡಿನ ಜೊತೆ ಮೂರು ಬಿಡಿಗುಂಡು ಇರುತ್ತವೆ. ಐದು ಹೊಡೆದ ಮೇಲೂ ಗುರಿ ಉಳಿದಿದ್ದರೆ ಬಿಡಿಗುಂಡು ಬಳಸಬೇಕು, ಅದನ್ನು ಒಂದೊಂದಾಗಿ ಬೆರಳಿನಿಂದ ತುಂಬಬೇಕು. ಚಳಿಯಲ್ಲಿ ಮರಗಟ್ಟಿದ ಬೆರಳು, ಎಣ್ಣೆ ಹಚ್ಚಿದ ಸಣ್ಣ ಗುಂಡು. ಜಾರಿ ಹಿಮಕ್ಕೆ ಬಿದ್ದರೆ ಹುಡುಕಿ ಒರೆಸಿ ಹಾಕಬೇಕು. ಒಂದೊಂದಕ್ಕೆ ಏಳೆಂಟು ಸೆಕೆಂಡ್ ಸುಲಭವಾಗಿ ಹೋಗುತ್ತದೆ. ಎಂಟೂ ಮುಗಿದ ಮೇಲೆ ಉಳಿದ ಗುರಿಗಳಿಗೆ ಮಾತ್ರ 150 ಮೀಟರ್ ಸುತ್ತು.

ಆದ್ದರಿಂದ ರಿಲೇಯಲ್ಲಿ ಮೊದಲ ತಪ್ಪಿನ ಬೆಲೆ ಏಳೆಂಟು ಸೆಕೆಂಡ್, ನಾಲ್ಕನೆಯದರದ್ದು ಅದಕ್ಕೆ ಮೂರು ಪಟ್ಟು. ಸುತ್ತು ತಪ್ಪಿಸಿಕೊಂಡ ತಂಡಕ್ಕೆ ಮೂರು ಬಿಡಿಗುಂಡು ಬಳಸಿದರೂ ಉಸಿರು ಇದೆ. ಒಬ್ಬರೇ ಎರಡು ಮೂರು ಸುತ್ತು ಹಾಕಿದರೆ ಇಡೀ ತಂಡದ ದಿನ ಹೋಯಿತು. ಓಟ ಮುಗಿಸಿದವರು 30 ಮೀಟರ್ ವಲಯದೊಳಗೆ ಮುಂದಿನವರನ್ನು ಕೈಯಿಂದ ಮುಟ್ಟಬೇಕು.

ಮಿಶ್ರ ರಿಲೇಯಲ್ಲಿ ಇಬ್ಬರು ಮಹಿಳೆಯರು, ಇಬ್ಬರು ಪುರುಷರು, ಸಾಮಾನ್ಯವಾಗಿ ತಲಾ 6 ಕಿ.ಮೀ. ಸಿಂಗಲ್ ಮಿಶ್ರ ರಿಲೇ ಎಂಬುದು 2019ರಲ್ಲಿ ಸ್ವೀಡನ್ನಿನ ಓಸ್ಟರ್‌ಸುಂಡ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್‌ಗೆ ಸೇರಿದ ಕಿರಿಯ. ಒಬ್ಬ ಮಹಿಳೆ, ಒಬ್ಬ ಪುರುಷ, ಒಬ್ಬರ ಬಳಿಕ ಒಬ್ಬರಂತೆ ತಲಾ ಎರಡು ಸರದಿ. ಹಾದಿಯ ಸುತ್ತು ಬರೀ 1.5 ಕಿ.ಮೀ., ದಂಡದ ಸುತ್ತು 75 ಮೀಟರ್. ನಿಂತು ಹೊಡೆದ ಕೂಡಲೇ ರೇಂಜಿನಿಂದ ನೇರ ಬದಲಿ ವಲಯಕ್ಕೆ. ಎಲ್ಲ ಎಷ್ಟು ವೇಗವಾಗಿ ನಡೆಯುತ್ತದೆ ಎಂದರೆ ಇಲ್ಲಿ ಕಾಗದ ಪೆನ್ನು ಕೆಳಗಿಟ್ಟುಬಿಡಿ, ಪರದೆಯ ಲೆಕ್ಕವನ್ನೇ ನಂಬಿ.

ಹಂತ 8: ಫಲಿತಾಂಶದ ಹಾಳೆ ಓದುವುದು

ಒಬ್ಬರ ಹೆಸರಿನ ಮುಂದೆ ‘0+1+0+2’ ಎಂದಿದ್ದರೆ ನಾಲ್ಕು ಶೂಟಿಂಗ್‌ಗಳಲ್ಲಿ ಕ್ರಮವಾಗಿ ಎಷ್ಟು ತಪ್ಪಿದವು ಎಂದರ್ಥ. ಹೊಡೆದದ್ದಲ್ಲ, ತಪ್ಪಿದ್ದು. ಸೊನ್ನೆ ಒಳ್ಳೆಯದು. ಇದನ್ನು ತಲೆಕೆಳಗಾಗಿ ಓದುವವರು ಬಹಳ.

ರಿಲೇಯ ಹಾಳೆ ಇನ್ನೂ ಮೋಸದ್ದು. ಅಲ್ಲಿ ‘1+3’ ಎಂದರೆ ಒಂದು ದಂಡದ ಸುತ್ತು, ಮೂರು ಬಿಡಿಗುಂಡು. ‘0+2’ ಎಂದರೆ ಸುತ್ತು ಇಲ್ಲ, ಎರಡು ಬಿಡಿಗುಂಡು. ಅದೇ ಕೂಡಿಸುವ ಚಿಹ್ನೆ, ಬೇರೆಯೇ ಅರ್ಥ. ಸ್ಪ್ರಿಂಟ್‌ನ ‘0+2’ ಅಂದರೆ ಎರಡು ಸುತ್ತು, ಸುಮಾರು 50 ಸೆಕೆಂಡ್ ನಷ್ಟ. ರಿಲೇಯ ‘0+2’ ಬಹುತೇಕ ನೆಮ್ಮದಿಯ ಶೂಟಿಂಗ್.

ಇದರ ಪಕ್ಕದಲ್ಲಿ ಸ್ಕೀ ಸಮಯ, ರೇಂಜಿನಲ್ಲಿ ಕಳೆದ ಸಮಯ, ಶೂಟಿಂಗ್ ಸಮಯ ಬೇರೆ ಬೇರೆ ಸಿಗುತ್ತವೆ. ಒಬ್ಬರು ಯಾಕೆ ಸೋತರು ಎಂದು ತಿಳಿಯಬೇಕೆಂದರೆ ಒಟ್ಟು ಸ್ಥಾನ ಬಿಟ್ಟು ಈ ಮೂರನ್ನು ನೋಡಿ. ಸ್ಕೀಯಲ್ಲಿ ಮೂರನೆಯವರು, ಶೂಟಿಂಗ್‌ನಲ್ಲಿ ನಲವತ್ತನೆಯವರು ಎಂದರೆ ಮುಂದಿನ ವಾರ ಅವರ ಮೇಲೆ ಕಣ್ಣಿಡಬಹುದು. ವಿಶ್ವಕಪ್‌ನಲ್ಲಿ ಗೆದ್ದವರಿಗೆ 90 ಅಂಕ, ಎರಡನೆಯವರಿಗೆ 75, ಹೀಗೆ ಇಳಿಯುತ್ತಾ ಮೊದಲ 40 ಮಂದಿಗೆ ಅಂಕ ಸಿಗುತ್ತದೆ. ಆದ್ದರಿಂದ 38ನೇ ಸ್ಥಾನಕ್ಕೂ ಜನ ಗೆರೆಯ ಬಳಿ ಮೈಚಾಚಿ ಬೀಳುವುದನ್ನು ಕಂಡು ಆಶ್ಚರ್ಯಪಡಬೇಡಿ.

ಮೈದಾನಕ್ಕೇ ಹೋಗುವವರಿಗೆ

ಋತು ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ. ಟಿಕೆಟ್ ಕೊಳ್ಳುವಾಗ ಸಾಮಾನ್ಯವಾಗಿ ಎರಡು ಬಗೆ ಸಿಗುತ್ತವೆ: ರೇಂಜಿನ ಎದುರಿನ ಗ್ಯಾಲರಿ ಮತ್ತು ಹಾದಿಯ ಬದಿ. ಮೊದಲ ಸಲ ಹೋಗುವವರು ಗ್ಯಾಲರಿಯನ್ನೇ ತೆಗೆದುಕೊಳ್ಳಿ, ಗುರಿಗಳು, ದಂಡದ ಸುತ್ತು, ಅಂತಿಮ ಗೆರೆ ಮೂರೂ ಒಂದೇ ಕಡೆಯಿಂದ ಕಾಣುತ್ತವೆ. ಬೈನಾಕ್ಯುಲರ್ ಒಯ್ಯಿರಿ. ಹಾದಿಯ ಬದಿಯಲ್ಲಿ ಸ್ಪರ್ಧಿಯ ಉಸಿರು ಕೇಳುವಷ್ಟು ಹತ್ತಿರ ನಿಲ್ಲಬಹುದು, ಆದರೆ ಯಾರು ಎಷ್ಟು ತಪ್ಪಿದರು ಎಂದು ಗೊತ್ತಾಗುವುದು ದೊಡ್ಡ ಪರದೆ ಇದ್ದರೆ ಮಾತ್ರ. ಮೂರು ಗಂಟೆ ಅಲುಗಾಡದೆ ನಿಲ್ಲುವಾಗ ಚಳಿ ಹತ್ತುವುದು ಕಾಲಡಿಯಿಂದ. ದಪ್ಪ ಜಾಕೆಟ್ ತಂದು ತೆಳು ಅಟ್ಟೆಯ ಬೂಟು ಹಾಕಿಕೊಂಡವರು ಎರಡನೇ ಶೂಟಿಂಗ್ ಹೊತ್ತಿಗೆ ಹೊರಗೆ ಹೋಗುತ್ತಾರೆ. ಒಂದು ತುಂಡು ಫೋಮ್ ಹಾಳೆ ಕಾಲಡಿಗೆ ಹಾಕಿದರೆ ಸಾಕು. ಮೊಬೈಲ್ ಬ್ಯಾಟರಿ ಒಳಜೇಬಿನಲ್ಲಿರಲಿ.

ಕೊನೆಯದಾಗಿ, ಗೆರೆ ದಾಟಿದ ತಕ್ಷಣ ಫಲಿತಾಂಶ ಮುಗಿಯಿತು ಎಂದುಕೊಳ್ಳಬೇಡಿ. ಮೊದಲು ಹೊರಬೀಳುವುದು ತಾತ್ಕಾಲಿಕ ಪಟ್ಟಿ. ಎಷ್ಟು ದಂಡದ ಸುತ್ತು ಹಾಕಬೇಕು ಎಂದು ಎಣಿಸಿಕೊಳ್ಳುವ ಹೊಣೆ ಸ್ಪರ್ಧಿಯದೇ. ಒಂದು ಹೆಚ್ಚು ಹಾಕಿದರೆ ಕಳೆದುಕೊಂಡ ಸಮಯ ಯಾರೂ ವಾಪಸ್ ಕೊಡುವುದಿಲ್ಲ. ಒಂದು ಕಡಿಮೆಯಾದರೆ 2 ನಿಮಿಷ ದಂಡ ಬೀಳುತ್ತದೆ. ಹೊಡೆಯಬೇಕಾದ ಗುಂಡು ಉಳಿಸಿಕೊಂಡು ಹಾದಿಗಿಳಿದರೂ ಪ್ರತಿ ಗುಂಡಿಗೆ ಅಷ್ಟೇ. ರಿಲೇಯಲ್ಲಿ ಗುರಿ ಬಾಕಿ ಇರುವಾಗ ಬಿಡಿಗುಂಡು ಮರೆತು ಓಡಿದವರಿಗೂ ಇದೇ ಗತಿ. ಇಂಥ ದಂಡಗಳು ಓಟ ಮುಗಿದ ಮೇಲೆ ಸೇರಿ ಮೂರನೆಯವರು ಮೂವತ್ತನೆಯವರಾಗುವುದುಂಟು. ನಿಮ್ಮ ಕಾಗದದ ಮೇಲಿನ ಲೆಕ್ಕಕ್ಕೂ ಪರದೆಗೂ ತಾಳೆಯಾಗದಿದ್ದರೆ ಇನ್ನೊಂದು ಕಾಲು ಗಂಟೆ ಕಾದು ಅಧಿಕೃತ ಪಟ್ಟಿ ನೋಡಿ. ತಪ್ಪು ಪ್ರತಿ ಸಲವೂ ನಿಮ್ಮದೇ ಆಗಿರಬೇಕೆಂದಿಲ್ಲ.